ಮುಚ್ಚಳದ ಮೇಲಿನ ಎಲೆ

ಅಣ್ಣನ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಕೋಲು ಹಿಡಿದು ತಮ್ಮ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಜೇಬಿನಲ್ಲಿ ಟೇಪು ಇತ್ತು. ಆದರೆ ಹೆಣದ ಪೆಟ್ಟಿಗೆಗೆ ಅವನು ಯಾವತ್ತೂ ಟೇಪು ಹಿಡಿದವನಲ್ಲ. ಬರೀ ಕೋಲು, ಅದರ ಮೇಲೆ ಅಗಲಕ್ಕೊಂದು ಗೀಟು, ಉದ್ದಕ್ಕೊಂದು, ಎದೆಯ ಎತ್ತರಕ್ಕೊಂದು. ಸತ್ತವರನ್ನು ಅಂಕಿ ಮಾಡಿಟ್ಟುಕೊಂಡರೆ ಮುಂದೆ ಯಾರದೋ ಮನೆಯ ಕಪಾಟು ಅಳೆಯುವಾಗ ಅದೇ ಅಂಕಿ ಬಂದು ಎದುರಿಗೆ ನಿಲ್ಲುತ್ತದೆ ಎಂಬುದು ಅವನ ಅನುಭವ.

ಅಣ್ಣನನ್ನು ಊಟದ ಮೇಜಿನ ಮೇಲೆ ಮಲಗಿಸಿದ್ದರು. ಹಿಂದಿನ ದಿನ ಮಧ್ಯಾಹ್ನ ಹಿತ್ತಲಿನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದ. ಯಾರನ್ನೂ ಕರೆದಿರಲಿಲ್ಲ. ಡಾಕ್ಟರು ಬಂದು ಹೃದಯ ಎಂದರು, ನೋವೇನೂ ಆಗಿರಲಾರದು ಎಂದರು, ಎಲ್ಲ ಡಾಕ್ಟರುಗಳೂ ಹೇಳುವ ಹಾಗೆ. ಹೊಸ ಅಂಗಿ ತೊಡಿಸಿ ತಲೆ ಬಾಚಿಯಾಗಿತ್ತು. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

“ಪೆಟ್ಟಿಗೆ ನೀನೇ ಮಾಡು,” ಎಂದರು ಅತ್ತಿಗೆ. “ನಿನ್ನ ಬಿಟ್ಟು ಇನ್ನೊಬ್ಬರ ಕೈಲಿ ಮಾಡಿಸಲ್ಲ. ಮುಚ್ಚಳ ಮಾತ್ರ ಅವರು ಶೆಡ್ಡಲ್ಲಿ ಕಟ್ಟಿದ ಮಿಷನ್ನಲ್ಲಿ ಆಗ್ಬೇಕು.”

ತಮ್ಮ ಕೋಲನ್ನು ಗೋಡೆಗೆ ಒರಗಿಸಿದ. ಆದಷ್ಟು ಮೆತ್ತಗೆ ಹೇಳಿದ. ಬಿಸಿಲು ಇಳಿಯುವ ಮೊದಲು ಮಣ್ಣು ಮಾಡುವುದೆಂದು ಗೊತ್ತುಮಾಡಿಯಾಗಿದೆ. ಮರದ ಅಡ್ಡೆಗೆ ಇವತ್ತು ಬೀಗ. ಮುಚ್ಚಳಕ್ಕಾಗುವಷ್ಟು ಅಗಲದ ಹಲಗೆ ಇರುವುದು ಒಂದೇ, ಅಣ್ಣ ಶೆಡ್ಡಿನ ಬಾಗಿಲ ಹಿಂದೆ ನಿಲ್ಲಿಸಿಟ್ಟಿರುವುದು. ಆ ಮಿಷನ್ನಿಗೆ ಒಡೆಯನೇ ಇಲ್ಲದ ದಿನ ಅದರ ಬಾಯಿಗೆ ಆ ಹಲಗೆ ಕೊಡುವುದು ಬುದ್ಧಿವಂತಿಕೆಯಲ್ಲ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು.

“ಆ ಮಿಷನ್ನು ಮಾಡಿದ ಒಂದು ವಸ್ತೂ ಈ ಮನೆ ಹೊಸಿಲು ದಾಟಿಲ್ಲ ಕಣಪ್ಪ. ಯಾವಾಗ ಕೇಳಿದ್ರೂ, ಇನ್ನೊಂದು ಕೂದಲೆಳೆ ಸರಿಹೋಗ್ಬೇಕು, ಆಮೇಲೆ ಅನ್ನೋರು. ಇವತ್ತು ಅವರೇ ದಾಟ್ತಿದ್ದಾರೆ. ಜೊತೆಗೆ ಅದೂ ಒಂದು ದಾಟ್ಲಿ.”

“ಹಲಗೆ ಹಾಳಾದ್ರೆ?”

“ಮುಚ್ಚಳ ಇಲ್ದೇ ಹೋಗ್ತಾರೆ.”

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ತಾನು ಆ ಶೆಡ್ಡಿನೊಳಕ್ಕೆ ಮಾತ್ರ ಕಾಲಿಡುವುದಿಲ್ಲ ಎಂದ.

“ನಿನ್ನ ಯಾರು ಕರೆದ್ರು?” ಎಂದರು ಅತ್ತಿಗೆ, ಮತ್ತು ಗಂಡನ ಅಂಗಿಯ ಕಾಲರು ಸರಿಮಾಡಿದರು.

*

ಅಣ್ಣ ತಮ್ಮ ಇಬ್ಬರೂ ಒಂದೇ ಬೆಂಚಿನ ಎರಡು ಬದಿ ನಿಂತು ಮರಗೆಲಸ ಕಲಿತವರು. ಅಣ್ಣನ ಕೆಲಸದಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಅವನು ಕೂರಿಸಿದ ಬಾಗಿಲು ಕಿರುಗುಟ್ಟುತ್ತಿರಲಿಲ್ಲ, ಅವನ ಡ್ರಾಯರು ಸಿಕ್ಕಿಕೊಳ್ಳುತ್ತಿರಲಿಲ್ಲ. ಆದರೆ ತಮ್ಮನ ಕೈ ಬೇರೆಯೇ. ಅವನು ಉಳಿ ಹಿಡಿದರೆ ಮರ ತಾನಾಗಿ ದಾರಿ ಬಿಟ್ಟುಕೊಟ್ಟ ಹಾಗೆ ಕಾಣುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಗಿರಾಕಿಗಳು ಬಂದು ಅಣ್ಣನ ಹತ್ತಿರ ಮಾತಾಡಿ, ಅಣ್ಣ ತರಿಸಿಕೊಟ್ಟ ಟೀ ಕುಡಿದು, ಏಳುವಾಗ ದನಿ ತಗ್ಗಿಸಿ, ಕೆಲಸ ನಿಮ್ಮ ತಮ್ಮನೇ ಮಾಡ್ತಾರಲ್ವಾ ಎಂದು ಕೇಳುತ್ತಿದ್ದರು. ಹೌದು ಹೌದು, ಅವನೇ, ಎನ್ನುತ್ತಿದ್ದ ಅಣ್ಣ. ನಗುನಗುತ್ತಲೇ ಎನ್ನುತ್ತಿದ್ದ. ಆ ನಗುವಿನ ಹಿಂದೆ ಇನ್ನೇನಾದರೂ ಇದೆಯೋ ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಣ್ಣನ ಮದುವೆಗೆ ತಮ್ಮ ಒಂದು ಕುರ್ಚಿ ಮಾಡಿಕೊಟ್ಟ. ಬೆನ್ನೊರಗಿನ ನಡುವೆ ಒಂದೇ ಒಂದು ಎಲೆ, ಅಷ್ಟೇ. ಬುಡದಿಂದ ಹೊರಟ ನಡುನರ ತುದಿಗೆ ಬರುವಾಗ ಸಟ್ಟನೆ ಪಕ್ಕಕ್ಕೆ ಹೊರಳುತ್ತಿತ್ತು, ಯಾರೋ ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದ ಹಾಗೆ. ಮನೆಗೆ ಬಂದವರು ಮಾತಾಡುತ್ತ ಮಾತಾಡುತ್ತ ತಮಗೆ ಗೊತ್ತಿಲ್ಲದೆ ಆ ಎಲೆಯ ಮೇಲೆ ಬೆರಳಾಡಿಸುತ್ತಿದ್ದರು.

ಆ ಕುರ್ಚಿಯಲ್ಲೇ ಕೂತು ಅಣ್ಣ, ತಲೆ ಅರ್ಧ ನರೆತ ಮೇಲೆ, ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದ. ಯಾವುದೋ ದೇಶದ ಯಾರೋ ತನ್ನ ಕಾರು ನಿಲ್ಲಿಸುವ ಜಾಗದಲ್ಲಿ ಸಿ.ಎನ್.ಸಿ. ರೌಟರ್ ಕಟ್ಟುತ್ತಿದ್ದ, ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಟ್ಟರೆ ಆ ಗೆರೆಯ ಮೇಲೇ ಓಡಾಡಿ ಮರ ಕೊರೆಯುವ ಮಿಷನ್ನು. ಭಾಷೆ ಅರ್ಥವಾಗುತ್ತಿರಲಿಲ್ಲ. ನಿಲ್ಲಿಸಿ, ಹಿಂದೆ ಹಾಕಿ, ಆ ಮನುಷ್ಯನ ಕೈ ಎಲ್ಲಿ ಹೋಗುತ್ತದೆ ಎಂದಷ್ಟೇ ನೋಡುತ್ತಿದ್ದ. ಮುಚ್ಚಿಹೋದ ಛಾಪಖಾನೆಯಿಂದ ಕಬ್ಬಿಣದ ಸರಳು ತಂದ. ನಕಲು ತೆಗೆಯುವ ಹಳೆಯ ಮಿಷನ್ನುಗಳ ಹೊಟ್ಟೆ ಬಗೆದು ಮೋಟಾರು ತೆಗೆದ. ಚೌಕಟ್ಟು ಬೆಸೆದುಕೊಟ್ಟವನು ಗೆಳೆಯ ವೆಲ್ಡರು. ಅವನ ಮಾತೂ ಕೆಲಸವೂ ಒಂದೇ ಥರ ಇದ್ದದ್ದರಿಂದ ಎಲ್ಲರೂ ಅವನನ್ನು ಕಿಡಿ ಎನ್ನುತ್ತಿದ್ದರು.

ಮೊದಲ ಸಲ ಮಿಷನ್ನು ಓಡಿದ ದಿನ ಅಣ್ಣ ಅದಕ್ಕೊಂದು ವೃತ್ತ ಕೊರೆಯಲು ಹೇಳಿದ. ಅದು ತಿರುಗಿ ತಿರುಗಿ ಕೊರೆಯಿತು. ಬಿದ್ದ ತುಂಡನ್ನು ಕಿಡಿ ಎತ್ತಿ ಬೆಳಕಿಗೆ ಹಿಡಿದ.

“ಗುರು, ನಿನ್ನ ಮಿಷನ್ನು ಮೊಟ್ಟೆ ಇಟ್ಟಿದೆ. ಕಾವು ಕೂರ್ಸು.”

ಅಣ್ಣ ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಆ ಮೊಟ್ಟೆಯನ್ನು ವೃತ್ತ ಮಾಡುವುದಕ್ಕೇ ಒಂದು ಚಳಿಗಾಲ ಹಿಡಿಯಿತು. ಸ್ಕ್ರೂ ಮತ್ತು ನಟ್ಟಿನ ನಡುವೆ ಆಟವಿತ್ತು, ತುಸು ಸಡಿಲು; ಮಿಷನ್ನು ದಿಕ್ಕು ಬದಲಿಸಿದಾಗೆಲ್ಲ ಆ ಆಟದಷ್ಟು ದಾರಿ ನುಂಗಿಹಾಕುತ್ತಿತ್ತು. ನಟ್ಟನ್ನು ಎರಡು ಹೋಳು ಮಾಡಿ ನಡುವೆ ಸ್ಪ್ರಿಂಗು ಕೂರಿಸಿದ. ಅದು ಸರಿಹೋದರೆ ಮೇಜು ಹವೆಗೆ ಉಬ್ಬಿತು. ಮೇಜು ಸರಿಹೋದರೆ ಬೆಲ್ಟು ಜಗ್ಗಿತು. ಇನ್ನೊಂದು ಕೂದಲೆಳೆ ಕಣೇ, ಎನ್ನುತ್ತಿದ್ದ ಹೆಂಡತಿಗೆ, ಊಟಕ್ಕೆ ಕರೆದಾಗೆಲ್ಲ.

*

ಮಧ್ಯಾಹ್ನದ ಹೊತ್ತಿಗೆ ತಮ್ಮ ಬೀದಿಯ ಆ ತುದಿಯ ತನ್ನ ಅಂಗಡಿಯಲ್ಲಿ ಪೆಟ್ಟಿಗೆಯ ನಾಲ್ಕು ಬದಿ, ತಳ ಎಲ್ಲ ಕೊಯ್ದು ತೋಪಡ ಹೊಡೆದು ನುಣುಪು ಮಾಡಿ ಕೈಗಾಡಿಯಲ್ಲಿ ತಂದಿದ್ದ. ಜೋಡಿಸುವುದು ಅಣ್ಣನ ಹಿತ್ತಲಲ್ಲಿ. ಬಂದವರಿಗೆ ಪಕ್ಕದ ಬೇಕರಿಯಾಕೆ ಕುರ್ಚಿಗಳನ್ನೂ ಲೋಟಗಳನ್ನೂ ಹೊಂದಿಸುತ್ತಿದ್ದಳು. ಎಂಥ ಮನುಷ್ಯ, ಒಂದು ದಿನ ದನಿ ಎತ್ತಿದ್ದು ಕೇಳಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ತಮ್ಮ, ಶೆಡ್ಡಿಗೆ ಬೆನ್ನು ಹಾಕಿ ಕೂತು, ಮೂಲೆಗಳನ್ನು ಕೂರಿಸತೊಡಗಿದ. ಹೊಡೆತ ಹೊಡೆತದ ನಡುವೆ ಒಳಗಿನ ಮಾತು ಕೇಳಿಸುತ್ತಿತ್ತು.

ಒಳಗೆ ಅಣ್ಣನ ಮಗಳು ಇದ್ದಳು, ಕಿಡಿ ಇದ್ದ. ಮಗಳು ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುವವಳು. ಮಿಷನ್ನಿಗೆ ತಲೆ ಕೊಟ್ಟದ್ದು ಅವಳದೇ ಹಳೆಯ ಲ್ಯಾಪ್‌ಟಾಪು. ರಜೆಯಲ್ಲಿ ಬಂದಾಗ ಅಪ್ಪನ ಪಕ್ಕ ನಿಂತು ನೋಡಿದ್ದಳು, ಒಬ್ಬಳೇ ಯಾವತ್ತೂ ಓಡಿಸಿರಲಿಲ್ಲ. ಅಪ್ಪ ಇಟ್ಟ ಚಿತ್ರಗಳಲ್ಲಿ ಯಾವುದನ್ನು ತೆಗೆಯುವುದು ಎಂದು ಅವಳು ಕೇಳುತ್ತಿದ್ದಳು. ಎಲ್ಲವೂ ಎಲೆಯೇ. ಒಂದರ ಹೆಸರು ‘ಎಲೆ ಕೊನೆಯದು’. ಇನ್ನೊಂದು ‘ಎಲೆ ಸರಿಯಾದ ಕೊನೆಯದು’. ಅದರ ಕೆಳಗೆ ‘ಎಲೆ ನಿಜವಾಗಿ ಕೊನೆಯದು’.

“ಅದರ ಕೆಳಗೆ?” ಎಂದ ಕಿಡಿ.

“‘ಎಲೆ ಹೊಸದು’.”

ಕಿಡಿ ನಕ್ಕ ಸದ್ದು ಕೇಳಿಸಿತು. ಆಮೇಲೆ ಮೂಗು ಒರೆಸಿಕೊಂಡದ್ದು. ಅದನ್ನೇ ಹಾಕವ್ವಾ, ಎಂದ.

ಹಿತ್ತಲಲ್ಲಿ ತಮ್ಮನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅಣ್ಣ ಮಿಷನ್ನಿನಲ್ಲಿ ಎಲೆ ಕೊರೆಸುತ್ತಾನೆಂದು ಅವನಿಗೆ ಗೊತ್ತಿತ್ತು. ಒಂದನ್ನು ಕಣ್ಣಾರೆ ಕಂಡಿದ್ದ. ಇಷ್ಟೊಂದು ಎಂದು ಗೊತ್ತಿರಲಿಲ್ಲ.

*

ಆ ಒಂದು ಎಲೆಯಿಂದಲೇ ಅಂಗಡಿ ಎರಡಾದದ್ದು.

ಅವತ್ತು ಅಣ್ಣ ಬೆಳಿಗ್ಗೆಯಿಂದ ಏನನ್ನೋ ಬಟ್ಟೆಯಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದ. ಗಿರಾಕಿಗಳೆಲ್ಲ ಹೋದ ಮೇಲೆ ತೆಗೆದು ತಮ್ಮನ ಮುಂದೆ ಹಿಡಿದ. ಅಂಗೈಯಗಲದ ಹಲಗೆ, ಅದರ ಮೇಲೆ ಮದುವೆಯ ಕುರ್ಚಿಯ ಎಲೆ. ಪರೀಕ್ಷೆಯ ಅಂಕ ತೋರಿಸುವ ಮಕ್ಕಳ ಹಾಗೆ ತಮ್ಮನ ಮುಖವನ್ನೇ ನೋಡುತ್ತ ನಿಂತ.

ತಮ್ಮ ಹೆಬ್ಬೆರಳಿನಿಂದ ಸವರಿದ. ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯ. ತನ್ನ ಕೈ ತನ್ನ ದೇಹದಿಂದ ಕಳಚಿ ಹಿತ್ತಲಿನ ಶೆಡ್ಡೊಂದರಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುತ್ತಿದೆ ಎನ್ನಿಸಿತು. ಇಷ್ಟು ದಿನ ಎಲ್ಲ ಬಿಟ್ಟು ಅಣ್ಣ ಕಟ್ಟಿದ್ದು ಇದಕ್ಕಾ, ತನ್ನನ್ನು ಬೇಡವಾಗಿಸುವುದಕ್ಕಾ ಎನ್ನಿಸಿತು. ಸಿಟ್ಟು ಆಮೇಲೆ ಬಂತು.

“ಇದು ಎಲೆ ಅಲ್ಲ. ಎಲೆಯ ಹೆಣ.”

ಅಣ್ಣನ ಮುಖ ಬಾಡಲಿಲ್ಲ. ಅದೇ ತಮ್ಮನಿಗೆ ಇನ್ನೂ ಸಹಿಸಲಾಗದೆ ಹೋದದ್ದು. ಅಣ್ಣ ಕನ್ನಡಕ ಏರಿಸಿಕೊಂಡು, ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದ.

“ಎಲ್ಲಿ? ತೋರ್ಸು.”

ತೋರಿಸಲು ಬರಲಿಲ್ಲ. ಕೆತ್ತುವುದು ಗೊತ್ತಿತ್ತು, ಕೆತ್ತಿದ್ದರಲ್ಲಿ ಜೀವ ಎಲ್ಲಿರುತ್ತದೆ ಎಂದು ಬೆರಳಿಟ್ಟು ತೋರಿಸುವುದು ಗೊತ್ತಿರಲಿಲ್ಲ. ಆ ವಾರವೇ ತನ್ನ ಉಳಿಗಳನ್ನು ಕಟ್ಟಿಕೊಂಡು ಬೀದಿಯ ಆ ತುದಿಗೆ ಹೋದ. ಗಿರಾಕಿಗಳೂ ಹಿಂದೆಯೇ ಹೋದರು. ಎದುರು ಸಿಕ್ಕಾಗ ಮಾತಾಡುತ್ತಿದ್ದರು. ಆರೋಗ್ಯ, ಹವೆ, ಮಗಳ ಕೆಲಸ. ಶೆಡ್ಡಿನ ಕಡೆ ತಮ್ಮ ತಲೆ ಹಾಕಲಿಲ್ಲ. ಅಣ್ಣ ಅಲ್ಲಿ ಎಲೆಯ ಮೇಲೆ ಎಲೆ ಕೊರೆಯುತ್ತ, ಅದು ಎಲ್ಲಿ ಸತ್ತಿದೆ ಎಂದು ಹುಡುಕುತ್ತಲೇ ಇದ್ದ.

*

ಮೋಟಾರು ಗುಂಯ್ ಎಂದಿತು. ಮಗಳು ಹಲಗೆಯನ್ನು ಕ್ಲಾಂಪು ಹಾಕಿ ಬಿಗಿದು, ಮೋಟಾರಿನ ತುದಿಯ ಕೊರೆಯುವ ಬಿಟ್ಟನ್ನು ಮರಕ್ಕೆ ತಾಗದಷ್ಟು ಎತ್ತರದಲ್ಲಿಟ್ಟು, ಮೊದಲು ಬರೀ ಗಾಳಿಯಲ್ಲಿ ಒಂದು ಸುತ್ತು ಓಡಿಸುತ್ತಿದ್ದಳು. ಅಪ್ಪ ಯಾವಾಗಲೂ ಹಾಗೇ ಮಾಡುತ್ತಿದ್ದ. ಮೋಟಾರು ಹೊತ್ತ ಅಡ್ಡಪಟ್ಟಿಗೆ ಅವನು ಸೇತುವೆ ಎನ್ನುತ್ತಿದ್ದ. ಅದು ಮೇಜಿನ ಎರಡು ಬದಿಯ ಸರಳುಗಳ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು. ಈಗ ಅದು ಹಲಗೆಯ ಅಂಚಿನುದ್ದಕ್ಕೆ ನಿಧಾನವಾಗಿ ಬಂತು. ಸರಿಯಾಗಿಯೇ ಇದೆ ಎಂದು ಕಿಡಿ ತಲೆಯಾಡಿಸಿದ. ಮಗಳು ಬಿಟ್ಟನ್ನು ಮರಕ್ಕೆ ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

“ನಿಲ್ಸು. ಓರೆ ಹೋಗ್ತಿದೆ.”

ಇಬ್ಬರೂ ತಿರುಗಿದರು. ಚಿಕ್ಕಪ್ಪ ಬಾಗಿಲ ಹೊರಗೆ ನಿಂತಿದ್ದ, ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಅಲ್ಲಿಂದ ಹಲಗೆಯ ಅಂಚೂ ಸೇತುವೆಯೂ ಒಂದೇ ನೋಟಕ್ಕೆ ಸಿಗುತ್ತಿದ್ದವು. ಕಿಡಿ ಮೂಲೆಮಟ್ಟ ತಂದು ಹಿಡಿದು ನೋಡಿದ. ಕಡ್ಡಿಯ ದಪ್ಪದಷ್ಟು ವಾರೆ ಇತ್ತು. ಅಷ್ಟರಲ್ಲೇ ಬಿಟ್ಟು ಇಳಿದಿದ್ದರೆ ಮುಚ್ಚಳದ ಅಂಚೂ ಓರೆ, ಎಲೆಯೂ ಓರೆ. ಹಲಗೆ ಅಲ್ಲಿಗೆ ಮುಗಿಯುತ್ತಿತ್ತು.

ಮಗಳು ಹಣೆಗೆ ಕೈ ಹಚ್ಚಿಕೊಂಡಳು. ಮರೆತಿದ್ದಳು. ಸ್ವಿಚ್ಚು ಹಾಕುವ ಮೊದಲು ಸೇತುವೆಯ ಎರಡೂ ತುದಿಗಳನ್ನು ಹಿಂದಕ್ಕೆ ತಳ್ಳಿ, ಎರಡೂ ಬದಿಯ ಬೋಲ್ಟುಗಳಿಗೆ ಒಟ್ಟಿಗೆ ತಾಗಿಸಿ ಹಿಡಿಯಬೇಕು. ಹಿಡಿದಿರುವಾಗಲೇ ಕರೆಂಟು ಕೊಡಬೇಕು. ಆಗ ಎರಡು ಬದಿಯ ಮೋಟಾರುಗಳೂ ಹಾಗೇ ಕಚ್ಚಿಕೊಂಡು ನಿಲ್ಲುತ್ತವೆ. ಅಪ್ಪ ಕಟ್ಟಿದ ಮಿಷನ್ನಿನ ರೋಗ ಅದೊಂದು, ಮತ್ತೆ ಅದಕ್ಕೆ ಅಪ್ಪನೇ ಕಂಡುಕೊಂಡ ಮದ್ದು ಅದು.

“ಒಬ್ನೇ ಹೇಗೆ ಮಾಡ್ತಿದ್ದ? ಆ ಕಡೆ ತಳ್ಳೋ ಹೊತ್ತಿಗೆ ಈ ಕಡೆ ವಾಪಸ್ ಬರಲ್ವಾ?” ಎಂದ ಚಿಕ್ಕಪ್ಪ.

ಮಗಳು ಮೇಜಿನ ಕೆಳಗೆ ತೋರಿಸಿದಳು. ಒಂದು ಇಟ್ಟಿಗೆ, ಅದಕ್ಕೆ ಹಗ್ಗ. ಒಂದು ತುದಿಯನ್ನು ಇಟ್ಟಿಗೆಯ ಭಾರದಿಂದ ಎಳೆದು ಹಿಡಿಸಿ, ಇನ್ನೊಂದರ ಕಡೆಗೆ ತಾನು ಓಡುತ್ತಿದ್ದನಂತೆ.

ಚಿಕ್ಕಪ್ಪ ಸುತ್ತಿಗೆಯನ್ನು ಬಾಗಿಲ ಹೊರಗೆ ಇಟ್ಟು ಒಳಗೆ ಬಂದ. ಸೇತುವೆಯ ಒಂದು ತುದಿಗೆ ಹೋಗಿ ನಿಂತು ಎರಡೂ ಕೈ ಇಟ್ಟ. ಮಗಳು ಕರೆಂಟು ಆರಿಸಿ ಇನ್ನೊಂದು ತುದಿಗೆ ಹೋದಳು. ಇಬ್ಬರೂ ಕಣ್ಣು ಕಣ್ಣು ನೋಡಿಕೊಂಡು ತಳ್ಳಿದರು. ಎರಡೂ ಬೋಲ್ಟುಗಳಿಗೆ ತಾಗಿದ ಸದ್ದು ಒಂದೇ ಸದ್ದಾಗಿ ಕೇಳಿಸಿತು. ಕಿಡಿ ಸ್ವಿಚ್ಚು ಒತ್ತಿದ.

ತಲೆ ಎತ್ತಿದಾಗಲೇ ತಮ್ಮನಿಗೆ ಶೆಡ್ಡು ಕಾಣಿಸಿದ್ದು. ಗೋಡೆಯ ಗೂಡುಗಳಲ್ಲಿ, ಬಣ್ಣದ ಡಬ್ಬಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕಾಲ ಬುಡದ ಬುಟ್ಟಿಗಳಲ್ಲಿ ಎಲೆ. ಒರಟು ಮರದ್ದು, ನಯ ಮರದ್ದು, ಪ್ಲೈವುಡ್ಡಿನದು. ನಾರು ಎದ್ದು ಹರಿದವು, ಬಿಟ್ಟು ಬಿಸಿಯಾಗಿ ಸುಟ್ಟವು, ಅರ್ಧಕ್ಕೆ ನಿಂತವು. ಅವನು ಒಂದೊಂದಾಗಿ ಎತ್ತಿ, ಹೆಬ್ಬೆರಳಾಡಿಸಿ, ಇದ್ದಲ್ಲೇ ಇಡುತ್ತ ಹೋದ. ಹಳೆಯವುಗಳಿಂದ ಹೊಸವುಗಳಿಗೆ ಬರುವಾಗ ಬೆರಳು ನಿಧಾನವಾಯಿತು. ಕಿಟಕಿಯ ಕಟ್ಟೆಯ ಕೊನೆಯದನ್ನು ಕೆಳಗಿಡಲಿಲ್ಲ.

“ಈ ತುದಿ,” ಎಂದ. “ಇಲ್ಲಿ ಹೊರಳಿರೋದು. ಇದನ್ನೂ ಯಾಕೆ ಕೊರೆಸಿದ್ದಾನೆ?”

ಅದಕ್ಕೇ ಅಲ್ಲವೇ ಅಪ್ಪ ಅಷ್ಟು ಒದ್ದಾಡಿದ್ದು ಎಂದಳು ಮಗಳು. ಮಿಕ್ಕ ಎಲೆಯೆಲ್ಲ ಯಾವಾಗಲೋ ಬಂದಿತ್ತು. ಆ ಒಂದು ಹೊರಳು ಬರುತ್ತಿರಲಿಲ್ಲ. ಅಷ್ಟು ಸಣ್ಣ ತಿರುವಿನಲ್ಲಿ ಮಿಷನ್ನು ನಡುಗುತ್ತಿತ್ತು, ಇಲ್ಲ ಗುಂಡಗೆ ಮಾಡಿಬಿಡುತ್ತಿತ್ತು. ಅಪ್ಪ ವೇಗ ಇಳಿಸಿ ನೋಡಿದ, ಬಿಟ್ಟು ಬದಲಿಸಿ ನೋಡಿದ, ಸೇತುವೆಯನ್ನೇ ಬಿಚ್ಚಿ ಮತ್ತೆ ಕಟ್ಟಿದ. ಕಣ್ಣು ಮುಚ್ಚಿ ಸದ್ದು ಕೇಳುತ್ತ ಕೂರುತ್ತಿದ್ದ. ಮರ ಕಿರುಚಬಾರದು, ಗುನುಗಬೇಕು ಎನ್ನುತ್ತಿದ್ದ. ಸ್ವಲ್ಪ ದಿನದ ಹಿಂದೆಯಷ್ಟೇ ಬಂತೆಂದು ಫೋನು ಮಾಡಿದ್ದ. ಹಾಗಾದರೆ ಮುಗಿಯಿತಲ್ಲ ಎಂದರೆ, ಇನ್ನೊಂದು ಕೂದಲೆಳೆ ಎಂದಿದ್ದ.

“ಅದು ಉಳಿ ಜಾರಿದ್ದು ಕಣೇ,” ಎಂದ ಚಿಕ್ಕಪ್ಪ.

ಎಲೆಯ ತುದಿಗೆ ಹೆಬ್ಬೆರಳು ಒತ್ತಿದ.

“ನರ ನೆಟ್ಟಗೆ ಹೋಗ್ಬೇಕಿತ್ತು. ಕೈ ಜಾರ್ತು. ಮದುವೆ ನಾಳೆ ಅನ್ನೋವಾಗ ಇನ್ನೊಂದು ಹಲಗೆ ಎಲ್ಲಿಂದ ತರೋದು, ಅದನ್ನೇ ತಿದ್ದಿ ಹೊರಳಿಸಿದೆ. ಇವನು ನೋಡಿದ್ರೆ ಇಷ್ಟು ವರ್ಷ ಆ ತಪ್ಪನ್ನ...” ಕೈಯಲ್ಲಿದ್ದ ಎಲೆಯನ್ನು ಕಟ್ಟೆಯ ಮೇಲೆ ಇಟ್ಟ. ಕಿಡಿ ನೆಲ ನೋಡಿದ.

“ಅವರಿಗೆ ಗೊತ್ತಿತ್ತು.”

ಅತ್ತಿಗೆ ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ. ಮುಚ್ಚಳ ಎಲ್ಲಿಗೆ ಬಂತು ಎಂದು ಕೇಳಲು ಬಂದವರು ಚೌಕಟ್ಟಿಗೆ ಒರಗಿಕೊಂಡರು.

“ನೀನು ಕೆತ್ತೋವಾಗ ಹಲಗೆ ಹಿಡ್ಕೊಂಡಿದ್ದು ಅವರು ತಾನೆ? ಯಾರೋ ಗಿರಾಕಿ ಬಂದು ನಿನ್ನ ಕೇಳಿದ್ರಂತೆ. ಇವರು ಆ ಕಡೆ ತಿರುಗಿದಾಗ ಹಿಡಿತ ಸಡಿಲ ಆಯ್ತಂತೆ. ಆ ಎಲೆಯಲ್ಲಿ ನಂದು ಅಂತ ಇರೋದು ಅದೊಂದೇ ಗೀಟು ಕಣೇ, ಅನ್ನೋರು. ಅದು ಬರ್ದೇ ಇದ್ರೆ ಇದು ಬರೀ ನಕಲು, ಅನ್ನೋರು.”

ತಮ್ಮ ಅಂದಿನಿಂದ ಇಂದಿನವರೆಗೆ ಅದನ್ನು ತನ್ನ ಕೈಯ ತಪ್ಪೆಂದೇ ತಿಳಿದಿದ್ದ. ಆ ಕುರ್ಚಿಯನ್ನು ಯಾರು ಹೊಗಳಿದರೂ ಒಳಗೊಳಗೇ ಮುದುಡುತ್ತಿದ್ದ. ಅಣ್ಣ ಹಲಗೆ ಹಿಡಿದು ನಿಂತದ್ದೇ ಅವನಿಗೆ ನೆನಪಿರಲಿಲ್ಲ.

“ಶುರು ಮಾಡವ್ವಾ,” ಎಂದ ಮಗಳಿಗೆ. “ಹೊತ್ತಾಗ್ತಿದೆ.”

ಬಿಟ್ಟು ಮರಕ್ಕೆ ಇಳಿಯಿತು. ಮೊದಲು ಬುಡ, ಆಮೇಲೆ ಒಂದೊಂದೇ ಬದಿನರ. ಮಿಷನ್ನು ಅವಸರ ಮಾಡಲಿಲ್ಲ. ಹೋದಷ್ಟೇ ಹಿಂದೆ ಬಂದು, ಇನ್ನೊಂದು ಪದರ ತೆಗೆದು, ಮತ್ತೆ ಹೋಯಿತು. ಅತ್ತಿಗೆ ಸ್ಟೂಲಿನ ಮೇಲೆ ಕೂರಲು ಹೋಗಿ, ಅದು ಯಾವ ಸ್ಟೂಲು ಎಂದು ನೆನಪಾಗಿ ನಿಂತೇ ಇದ್ದರು. ಮಗಳ ಬೆರಳು ನಿಲ್ಲಿಸುವ ಗುಂಡಿಯ ಮೇಲಿಂದ ಕದಲಲಿಲ್ಲ. ನಡುನರ ತುದಿಯ ಹತ್ತಿರ ಬಂದಾಗ ಮೋಟಾರಿನ ಸದ್ದು ತಾನಾಗಿ ತಗ್ಗಿತು. ಅಲ್ಲಿ ನಿಧಾನಿಸು ಎಂದು ಅಣ್ಣ ಮೊದಲೇ ಬರೆದಿಟ್ಟಿದ್ದ. ನಾಲ್ವರೂ ಮೇಜಿನ ಕಡೆ ಬಗ್ಗಿದರು. ಬಿಟ್ಟು ಕ್ಷಣ ತಡೆದು, ಸಟ್ಟನೆ ಪಕ್ಕಕ್ಕೆ ಹೊರಳಿ, ತೆಳ್ಳಗಾಗಿ, ಮರದಿಂದ ಎದ್ದಿತು.

ಮಗಳು ಮೇಲ್ಮೈಯನ್ನು ಅಂಗೈಯಿಂದ ಒರೆಸಿದಳು. ಎಲೆ ಇತ್ತು. ಒಂದು ಬದಿನರದ ಅಂಚಿನಲ್ಲಿ ಮಾತ್ರ ತೆಳುವಾಗಿ ನಾರು ಎದ್ದಿತ್ತು. ಒಂದೇ ಒಂದು ಸಲ ಉಳಿ ಆಡಿಸಿಬಿಡಿ ಚಿಕ್ಕಪ್ಪ, ಎಂದಳು. ಅವನು ಚೀಲದಿಂದ ಎಲ್ಲಕ್ಕಿಂತ ಸಣ್ಣ ಉಳಿಯನ್ನು ತೆಗೆದ. ಬಗ್ಗಿ, ನಾರಿನ ಬುಡಕ್ಕೆ ಅಲಗು ತಂದು ನಿಲ್ಲಿಸಿದ. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಅಲಗನ್ನು ಹಿಂದಕ್ಕೆ ತೆಗೆದು ಬಟ್ಟೆಯಲ್ಲಿ ಸುತ್ತಿದ.

“ಬೇಡ. ನಾನು ಮುಟ್ಟಿದ್ರೆ ಅವನದು ಅಂತ ಯಾರೂ ಒಪ್ಪಲ್ಲ.”

*

ಬಿಸಿಲು ಓರೆಯಾಗಿತ್ತು. ಅಣ್ಣನನ್ನು ಪೆಟ್ಟಿಗೆಯೊಳಗೆ ಮಲಗಿಸಿ, ಎಲ್ಲರೂ ನೋಡಿಯಾದ ಮೇಲೆ ಕಿಡಿ ಮತ್ತು ತಮ್ಮ ಮುಚ್ಚಳವನ್ನು ಎತ್ತಿ ಕೂರಿಸಿದರು. ಎಲ್ಲೂ ಸಂದಿ ಬೀಳಲಿಲ್ಲ. ಕೈಯಲ್ಲಿ ಮಾಡಿದ ಪೆಟ್ಟಿಗೆ, ಮಿಷನ್ನಿನ ಮುಚ್ಚಳ, ಎರಡೂ ಒಂದೇ ಕೋಲಿನ ಗೀಟಿಗೆ ಬಂದಿದ್ದವು. ಜನ ಒಬ್ಬೊಬ್ಬರಾಗಿ ಬಂದು ಮುಚ್ಚಳದ ಮೇಲೆ ಕೈಯಿಟ್ಟು ಸರಿದರು. ಕೈಗಳೆಲ್ಲ ಎಲೆಯ ಮೇಲೆ ಹೋಗಿ ತುಸು ಹೊತ್ತು ನಿಲ್ಲುತ್ತಿದ್ದವು.

ಬೇಕರಿಯಾಕೆ ನಡುನರದ ಹೊರಳಿನ ತನಕ ಬೆರಳು ಎಳೆದು, ಕಣ್ಣೊರೆಸಿಕೊಂಡು ತಮ್ಮನ ಹತ್ತಿರ ಬಂದಳು.

“ಕೊನೆಗೂ ನಿಮ್ಮ ಕೈಕೆಲಸ ಕೊಟ್ಟು ಕಳಿಸ್ತಿದ್ದೀರಲ್ಲ. ಇಂಥದ್ದು ನಿಮ್ಮೊಬ್ರ ಕೈಲೇ ಆಗೋದು.”

“ನಂದಲ್ಲ,” ಎಂದ ತಮ್ಮ. “ಅಣ್ಣನ ಮಿಷನ್ನು ಮಾಡಿದ್ದು.”

ಅವಳು ಅವನ ತೋಳು ತಟ್ಟಿದಳು. ಇವತ್ತೂ ಹೀಗೆ ಅನ್ನುವುದು ನಿಮ್ಮ ದೊಡ್ಡತನ, ಎಂದಳು. ಹಿಂದಿದ್ದವರು ಏನು ಎಂದು ಕೇಳಿದರು. ತಮ್ಮ ಕೆತ್ತಿದ್ದಂತೆ, ಎಂದು ಯಾರೋ ಹೇಳಿದರು. ಮಾತು ಕುರ್ಚಿಯಿಂದ ಕುರ್ಚಿಗೆ ದಾಟಿ ಗೇಟಿನವರೆಗೂ ಹೋಯಿತು. ನೋಡಿದರೇ ಗೊತ್ತಾಗುತ್ತಲ್ಲ, ಎಂದರು ಅಲ್ಲಿದ್ದವರು.

“ನನ್ನ ಕೈ ತಾಗಿಲ್ಲ ಅದಕ್ಕೆ,” ಎಂದ ತಮ್ಮ, ಇನ್ನೂ ಜೋರಾಗಿ. “ಕೇಳಿ ಇವಳನ್ನ. ಕಿಡೀನ ಕೇಳಿ.”

ಕಿಡಿ ಹೌದು ಎಂದ, ಮಗಳು ಹೌದು ಎಂದಳು. ಜನ ತಲೆ ತಗ್ಗಿಸಿದರು. ಅಷ್ಟು ದುಃಖದಲ್ಲಿರುವವನ ಮಾತಿಗೆ ಎದುರಾಡುವುದು ಚೆನ್ನಲ್ಲವೆಂದು ಸುಮ್ಮನಾದರು. ಅವನು ಅತ್ತಿಗೆಯ ಕಡೆ ನೋಡಿದ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇನ್ನು ಎತ್ತಿ ಎನ್ನುವ ಹಾಗೆ ಕೈ ಮಾಡಿದರು.

ಎತ್ತಿದರು. ತಮ್ಮ ಮುಂದಿನ ಬಲಮೂಲೆಗೆ ಹೆಗಲು ಕೊಟ್ಟ. ಹೊಸಿಲು ದಾಟಿತು. ಮೆಟ್ಟಿಲು ಇಳಿಯುವಾಗ ಪೆಟ್ಟಿಗೆ ಮುಂದಕ್ಕೆ ವಾಲಿತು. ಅವಸರದಲ್ಲಿ ಎಲೆಯ ಆಳದ ನರಗಳನ್ನು ಯಾರೂ ಊದಿ ಸ್ವಚ್ಛ ಮಾಡಿರಲಿಲ್ಲ. ಅಲ್ಲಿ ಮೆತ್ತಿ ಕೂತಿದ್ದ ಮರದ ಹಿಟ್ಟು ಸಡಿಲವಾಗಿ, ಮುಚ್ಚಳದ ಮೇಲೆ ಗೆರೆಯಾಗಿ ಜಾರಿ, ಅಂಚಿನಿಂದ ಅವನ ಕಪ್ಪು ಕೋಟಿನ ಮೇಲೆ ಸುರಿಯಿತು. ಹಿಟ್ಟಿನಷ್ಟೇ ನುಣುಪು, ಒಂದು ಸುರುಳಿಯೂ ಇಲ್ಲದ್ದು; ಯಾವ ಉಳಿಯೂ ಹಾಗೆ ಪುಡಿ ಮಾಡಲಾರದು. ಪಕ್ಕದಲ್ಲಿ ನಡೆಯುತ್ತಿದ್ದವರೊಬ್ಬರು ಕೊಡವಲು ಕೈ ಚಾಚಿದರು. ತಮ್ಮ, ಪೆಟ್ಟಿಗೆಯ ಭಾರ ಹೊತ್ತ ಹಾಗೇ, ಹೆಗಲನ್ನು ಅವರ ಕೈಗೆ ಸಿಗದಂತೆ ಓರೆ ಮಾಡಿಕೊಂಡು ಬೀದಿಗೆ ಇಳಿದ.